ಆಯುಧಪೂಜೆಗೆ ನಿಲ್ಲಿಸಿದ ಸರ್ವರ್

“ಕೈ ತೆಗೀರಿ ಸ್ವರೂಪ್.”

ಕೀಬೋರ್ಡಿನ ಮೇಲೆ ಇಳಿಯುತ್ತಿದ್ದ ಬೆರಳು ಅಲ್ಲೇ ನಿಂತಿತು. ಸ್ವರೂಪ ತಿರುಗಿ ನೋಡಿದ. ಕಂಟ್ರೋಲ್ ರೂಮಿನ ಬಾಗಿಲಲ್ಲಿ ಸಬ್ ಇನ್ಸ್‌ಪೆಕ್ಟರ್ ಅರುಂಧತಿ ನಿಂತಿದ್ದಳು. ಜೀಪಿನಿಂದ ಓಡಿ ಬಂದಿದ್ದಳೋ ಏನೋ, ಇನ್ನೂ ಏದುಸಿರು ಬಿಡುತ್ತಿದ್ದಳು.

“ಏನೂ ಇಲ್ಲ ಮೇಡಂ. ಒಳಗಿನ ಸರ್ವರ್ ಒಂದನ್ನ ರೀಸ್ಟಾರ್ಟ್ ಮಾಡೋಣ ಅಂತ. ಕಂಪ್ರೆಸರ್ ಅದರ ಪಾಡಿಗೆ ಓಡ್ತಾನೇ ಇರುತ್ತೆ.”

“ಈ ರೂಮಲ್ಲಿ ಏನೂ ಮುಟ್ಟಬೇಡಿ ಅಂತ ಹೇಳಿರಲಿಲ್ವಾ?”

“ನಾನೇ ಹೇಳಿದ್ದು ಬುಡಿ ಮೇಡಂ.”

ಮಾತು ಬಂದದ್ದು ಹಿಂದಿನಿಂದ. ಬೆಳ್ಳಿಮಂಜು ಶೀತಲಗೃಹದ ಮಾಲೀಕ ಜಯಪ್ರಕಾಶ್ ಬಿಳಿ ಅಂಗಿಯ ತೋಳು ಮಡಚುತ್ತ ಒಳಗೆ ಬಂದ. “ಮೂರನೇ ಕೋಣೇಲಿ ಎಳನೀರು ತುಂಬವೆ. ಸೆನ್ಸರು ನೆಟ್ಟಗದೋ ಇಲ್ವೋ ಗೊತ್ತಿಲ್ದೆ ಆಳುಗಳ್ನ ಹೆಂಗ್ ಒಳಕ್ ಕಳ್ಸನ? ಅದ್ಕೇ ಒಂದ್ಸಲ ಎಲ್ಲಾ ಹೊಸದಾಗಿ ಶುರು ಮಾಡ್ಬುಡಪ್ಪ ಅಂದೆ.”

“ಆಳುಗಳ ಮೇಲೆ ಈ ಕಾಳಜಿ ಹಬ್ಬಕ್ಕೆ ಮುಂಚೆ ಇದ್ದಿದ್ರೆ ಚೆನ್ನಾಗಿತ್ತು ಸಾರ್. ಗ್ಯಾಸ್ ಸೋರಿದ ಆ ಹರಿದ ಗ್ಯಾಸ್ಕೆಟ್ಟಿನ ವಿಚಾರ ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ. ಈಗ ಹೊರಗಿರಿ.”

ಜಯಪ್ರಕಾಶ್ ಮುಖ ಗಂಟಿಕ್ಕಿಕೊಂಡು ಹೊರಟ. ಅರುಂಧತಿ ಬಾಗಿಲು ಹಾಕಿಕೊಂಡಳು.

ಗೆಜ್ಜಲಗೆರೆಯ ಈ ಶೀತಲಗೃಹದಲ್ಲಿ ಆಯುಧಪೂಜೆಯ ಮಧ್ಯಾಹ್ನ ಅಮೋನಿಯಾ ಸೋರಿ ಆಪರೇಟರ್ ಸಿದ್ದರಾಜು ಸತ್ತಿದ್ದ, ಸೈರನ್ ಕೂಗಿರಲಿಲ್ಲ. ಅವನನ್ನು ಎಳೆದು ತರಲು ನುಗ್ಗಿದ ಆತಗೂರಿನ ಚಂದನ, ಅಲ್ಲೇ ಚೀಲ ಹೊಲಿಯುವ ಕೆಲಸದವಳು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದಳು. ಶವಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ಊರಿನ ವರದಿ ಮಾತ್ರ ಅವತ್ತು ಸಂಜೆಗೇ ಸಿದ್ಧವಾಗಿತ್ತು: ಹಬ್ಬದ ದಿನ ಕುಡಿದ, ಸೈರನ್ ಆರಿಸಿ ಮಲಗಿದ, ಸತ್ತ, ಒಂದು ಹೆಣ್ಣುಮಗುವಿನ ಕಣ್ಣನ್ನೂ ತೆಗೆದ.

ನಿನ್ನೆ ಆಸ್ಪತ್ರೆಯ ವರಾಂಡದಲ್ಲಿ ಅರುಂಧತಿ ಕಣ್ಣಾರೆ ಕಂಡಿದ್ದಳು. ಸಿದ್ದರಾಜುವಿನ ತಾಯಿ ಇಂದ್ರಮ್ಮ ಕೊಪ್ಪದಿಂದ ಬಸ್ಸಿನಲ್ಲಿ ಬಂದು, ಚಂದನಳಿಗೆ ಅಂತ ತಂದ ಗಂಜಿಯ ಡಬ್ಬಿ ಹಿಡಿದು ನಿಂತಿದ್ದಳು. ಹುಡುಗಿಯ ಅಪ್ಪ ಮಾದಯ್ಯ ಬಾಗಿಲಿಗೆ ಅಡ್ಡ ನಿಂತು, “ನಿನ್ ಮಗ ಮಾಡಿದ್ದು ಸಾಲ್ದಾ? ಓಗಮ್ಮ ಆ ಕಡೆಗೆ” ಅಂದುಬಿಟ್ಟ. ಮುದುಕಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲ ಹತ್ತಿರ ಬಂದು ಅರುಂಧತಿಯ ಕೈ ಹಿಡಿದುಕೊಂಡಿದ್ದಳು.

“ನನ್ ಮಗ ಕುಡ್ದಿದ್ನಾ ಇಲ್ವಾ, ಅಷ್ಟ್ ಏಳ್ಬುಡವ್ವ. ಇನ್ನೇನೂ ಬ್ಯಾಡ ನಂಗೆ. ತಿಥಿಗೆ ಯಾರೂ ಬರಾಕಿಲ್ಲ ಅಂತಾವ್ರೆ. ಅವ್ನ ಎಸ್ರು ಕೆಡುಸ್ಕಂಡು ನಾನ್ಯಾಕವ್ವ ಬದುಕಿರ್ಬೇಕು?”

ತಿಥಿ ನಾಳೆ. ಹೇಳ್ತೀನಿ ಅಂತ ಅರುಂಧತಿ ಮಾತು ಕೊಟ್ಟಿದ್ದಳು. ಪೊಲೀಸರು ಹಾಗೆಲ್ಲ ಮಾತು ಕೊಡಬಾರದು. ಮಳವಳ್ಳಿಯಲ್ಲಿರುವ ಅವಳ ಅಪ್ಪ, ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಕೆಲಸಕ್ಕೆ ಸೇರಿದ ದಿನವೇ ಅದನ್ನು ಹೇಳಿದ್ದರು. ಆದರೂ ಕೊಟ್ಟಾಗಿತ್ತು.

“ಕೂತ್ಕೊಳ್ಳಿ,” ಅಂದಳು ಸ್ವರೂಪನಿಗೆ.

ಅವನು ಕೂತ. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಮದ್ದೂರಿನ ಪೇಟೆಯಲ್ಲಿ ಸಣ್ಣದೊಂದು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು, ಸುತ್ತಲಿನ ಕಾರ್ಖಾನೆಗಳ ಪ್ರೋಗ್ರಾಂ ನೋಡಿಕೊಳ್ಳುವವನು. ಸಿದ್ದರಾಜುವಿನ ಜೊತೆ ಕೊಪ್ಪದ ಒಂದೇ ಬೀದಿಯಲ್ಲಿ ಆಡಿ ಬೆಳೆದವನು. ತಾಯಿಯಿಲ್ಲದ ಅವನಿಗೆ ಹಬ್ಬ ಹುಣ್ಣಿಮೆಗೆ ಎಲೆ ಹಾಕುತ್ತಿದ್ದವಳು ಇಂದ್ರಮ್ಮ. ಹೆಣ ಹೊತ್ತ ನಾಲ್ವರಲ್ಲಿ ಇವನೂ ಒಬ್ಬ.

ಗೋಡೆಯ ಮೊಳೆಯಲ್ಲಿ ಗ್ಯಾಸ್ ಮುಖವಾಡ ನೇತಾಡುತ್ತಿತ್ತು. ಪೂಜೆಯ ದಿನ ಬಳಿದ ವಿಭೂತಿ, ಕುಂಕುಮ ಹಾಗೇ ಇತ್ತು. ಸಿಕ್ಕಿಸಿದ್ದ ಸೇವಂತಿಗೆ ಬಾಡಿ ಕಂದು ಬಣ್ಣಕ್ಕೆ ತಿರುಗಿತ್ತು.

“ಇದನ್ನ ನೋಡಿದವರೆಲ್ಲ, ಮುಖವಾಡ ಹಾಕ್ಕೊಳ್ಳೋಕೂ ಪ್ರಜ್ಞೆ ಇರಲಿಲ್ಲ, ಅಷ್ಟು ಕುಡಿದಿದ್ದ ಅಂತಾರೆ,” ಅಂದಳು ಅರುಂಧತಿ. “ನನಗೆ ಬೇರೆ ಥರ ಕಾಣುತ್ತೆ. ಎಂಟು ವರ್ಷ ಈ ಗಾಳಿಯ ಜೊತೆ ಬದುಕಿದವನು. ಸ್ವಲ್ಪ ವಾಸನೆ ಬಂದಿದೆ. ಇಲ್ಲಿಗೆ ಬಂದು ಈ ಪರದೆ ನೋಡಿದಾನೆ. ಪರದೆ ಹಸಿರು. ಎಲ್ಲೋ ಚೂರು ಜಿನುಗ್ತಿದೆ, ನೋಡಿ ಬರೋಣ ಅಂತ ಬರೀ ಮುಖದಲ್ಲಿ ಎರಡನೇ ಕೋಣೆಯ ಬಾಗಿಲು ತೆಗೆದಿದಾನೆ.”

ಸ್ವರೂಪ ಪರದೆಯನ್ನೇ ನೋಡುತ್ತಿದ್ದ. ನಾಲ್ಕು ಕೋಣೆ, ನಾಲ್ಕು ಹಸಿರು ಚೌಕ.

“ಫೈರ್ ಇಂಜಿನ್‌ನವರು ಬಂದಾಗ ಒಳಗೆ ಕಾಲಿಡೋಕಾಗದಷ್ಟು ಗ್ಯಾಸ್ ಇತ್ತು. ಆಗಲೂ ಇಲ್ಲಿ ಹಸಿರೇ ಇತ್ತು ಅಂತ ಅವರಲ್ಲೊಬ್ಬರು ಇವತ್ತು ಬೆಳಗ್ಗೆ ಹೇಳಿದ್ರು. ಅದಕ್ಕೇ ಓಡಿ ಬಂದೆ. ಹೇಳಿ, ಈ ಹಸಿರು ಎಲ್ಲಿಂದ ಬರುತ್ತೆ?”

“ಈ ಪ್ರೋಗ್ರಾಂ ಒಂದೇ ಮೇಡಂ, ಕಂಪ್ರೆಸರ್ ಎಲ್ಲಾ ಓಡಿಸೋದು. ಇದನ್ನ ನಿಲ್ಲಿಸಿದ್ರೆ ಎಲ್ಲಾ ನಿಲ್ಲುತ್ತೆ. ಇದರ ಹೊಟ್ಟೆಯೊಳಗೆ ಒಂದು ಚಿಕ್ಕ ಸರ್ವರ್ ಇದೆ. ಗ್ಯಾಸಿನ ಸೆನ್ಸರ್‌ಗಳು ಸುದ್ದಿ ಹೇಳೋದು ಅದಕ್ಕೆ. ಅದು ಪರದೆಗೆ ತಿಳಿಸುತ್ತೆ, ಸೈರನ್ ಕೂಗಿಸುತ್ತೆ, ಫೋನಿಗೆ ಮೆಸೇಜ್ ಕಳಿಸುತ್ತೆ. ಇದೇ ಪರದೆ ನನ್ನ ಫೋನಲ್ಲೂ ಕಾಣುತ್ತೆ.”

“ಅದನ್ನ ಆಯುಧಪೂಜೆಗೆ ನಿಲ್ಲಿಸಿದ್ರಿ.”

“ಪ್ರತಿ ವರ್ಷ ನಿಲ್ಲಿಸ್ತೀವಿ.” ಅವನ ತುಟಿಯಲ್ಲಿ ಒಂದು ಕ್ಷಣ ನಗುವಿನಂಥದ್ದು ಬಂದು ಹೋಯಿತು. “ಸಿದ್ದನ ಹಟ ಅದು.”

ದುಡಿಯುವ ಯಾವುದನ್ನೂ ಆ ದಿನ ದುಡಿಸಬಾರದು ಅನ್ನುವ ಜನ ನಮ್ಮವರು. ಟ್ರ್ಯಾಕ್ಟರಿಗೆ ರಜೆ, ಕುಡುಗೋಲಿಗೆ ರಜೆ, ಹೊಲಿಗೆ ಮೆಷಿನ್ನಿಗೂ ರಜೆ. ಶೀತಲಗೃಹ ನಿಲ್ಲಿಸಿದರೆ ಮಾತ್ರ ಒಳಗಿರುವ ಮಾಲೆಲ್ಲ ಕೊಳೆತುಹೋಗುತ್ತದೆ. ಅದಕ್ಕೆ ಸಿದ್ದರಾಜು ಒಂದು ದಾರಿ ಕಂಡುಕೊಂಡಿದ್ದ. ಇಡೀ ಪ್ರೋಗ್ರಾಂ ಬೇಡ, ಹಗಲೂ ರಾತ್ರಿ ಕಿವಿ ತೆರೆದು ಕೂತಿರುವ ಆ ಒಳಗಿನ ಸರ್ವರಿಗಾದರೂ ಮಂಗಳಾರತಿ ಮುಗಿಯುವ ತನಕ ಬಿಡುವು ಕೊಡು ಅನ್ನುತ್ತಿದ್ದ. ಕಂಪ್ಯೂಟರಿಗೆ ಹೂವು ಇಟ್ಟು, ಕೈಮುಗಿದು, ಆಮೇಲೆ ಮತ್ತೆ ಎಬ್ಬಿಸುವುದು. ಕೇಳಿದವರು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಬಿಡುತ್ತಿರಲಿಲ್ಲ.

“ಈ ವರ್ಷವೂ ಪೂಜೆಗೆ ಅಂತ ಮಾತ್ರ ನಿಲ್ಲಿಸಿದ್ದಾ?”

“ಇನ್ನೊಂದು ಕೆಲಸನೂ ಇತ್ತು. ಸಿದ್ದ ಹೊಸ ನಂಬರ್ ತಗೊಂಡಿದ್ದ. ಮೆಸೇಜ್ ಹೋಗೋ ಜಾಗದಲ್ಲಿ ಹಳೇ ನಂಬರ್ ತೆಗೆದು ಅದನ್ನ ಹಾಕಿದೆ. ಸರ್ವರ್ ಆ ನಂಬರ್ ಓದ್ಕೊಳ್ಳೋದು ಮೇಲೇಳುವಾಗ ಮಾತ್ರ. ಹೆಂಗೂ ಪೂಜೆಗೆ ನಿಲ್ಲಿಸ್ತೀವಲ್ಲ, ಎರಡೂ ಒಟ್ಟಿಗೆ ಆಗ್ಲಿ ಅಂತ.”

“ಹಳೇ ನಂಬರ್ ಏನಾಯ್ತು?”

“ಗೊತ್ತಿಲ್ಲ ಮೇಡಂ. ಬಿಟ್ಟಿರಬೇಕು.”

“ನಿಲ್ಲಿಸಿ ಎಬ್ಬಿಸೋದು ಹೇಗೆ? ನನಗೆ ಅರ್ಥವಾಗೋ ಹಾಗೆ ಹೇಳಿ.”

“ಹೊಸ ಸುದ್ದಿ ತಗೋಬೇಡ ಅಂತ ಮೊದಲು ಹೇಳ್ಬೇಕು. ಕೈಯಲ್ಲಿರೋ ಕೆಲಸ ಮುಗಿಸೋಕೆ ಬಿಡಬೇಕು. ಆಮೇಲೆ ಅದು ಬಾಗಿಲು, ಅಂದ್ರೆ ಸುದ್ದಿ ಒಳಗೆ ಬರೋ ದಾರಿ, ಮುಚ್ಚುತ್ತೆ. ಪೂರ್ತಿ ಮುಚ್ಚಿದೆ ಅಂತ ಖಾತ್ರಿ ಮಾಡ್ಕೊಂಡು, ಅದೇ ಬಾಗಿಲಲ್ಲಿ ಹೊಸದನ್ನ ಎಬ್ಬಿಸಬೇಕು.”

“ನೀವು ಹಾಗೇ ಮಾಡಿದ್ರಾ?”

“ಹೂಂ.”

ಉತ್ತರ ಬೇಗ ಬಂತು. ಬೇಗ ಬಂದ ಉತ್ತರಗಳನ್ನು ಅರುಂಧತಿ ನಂಬುವವಳಲ್ಲ. ಅವಳು ಬ್ಯಾಗಿನಿಂದ ಸಿದ್ದರಾಜುವಿನ ಹೊಸ ಫೋನು ತೆಗೆದು ಮೇಜಿನ ಮೇಲಿಟ್ಟಳು. ಸ್ಟೇಷನ್ನಿನಲ್ಲಿ ಚಾರ್ಜು ಮಾಡಿಸಿ ತಂದಿದ್ದಳು. ಅವತ್ತು ಅದಕ್ಕೆ ಒಂದೇ ಒಂದು ಎಚ್ಚರಿಕೆಯ ಮೆಸೇಜೂ ಬಂದಿರಲಿಲ್ಲ.

“ಸೆನ್ಸರ್ ಪರೀಕ್ಷೆ ಮಾಡೋ ಅಮೋನಿಯಾ ನೀರು ಎಲ್ಲಿಡ್ತೀರಿ?”

ಸ್ವರೂಪನ ಮುಖದ ಬಣ್ಣ ಬದಲಾಯಿತು. “ಯಾಕೆ ಮೇಡಂ?”

“ಎಲ್ಲಿಡ್ತೀರಿ?”

ಅವನು ಬೀರುವಿನ ಕಡೆ ಕೈ ತೋರಿಸಿದ. ಅರುಂಧತಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಹತ್ತಿಯುಂಡೆಯನ್ನು ಆ ನೀರಿನಲ್ಲಿ ಅದ್ದಿ, ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿದಳು. ಖಾಲಿ ಮಾಡಿಸಿದ್ದ ಎರಡನೇ ಕೋಣೆಗೆ ಹೋಗಿ, ಸೆನ್ಸರಿನ ಬಾಯಿಗೆ ಹತ್ತಿ ತಾಕುವ ಹಾಗೆ ಕೋಲನ್ನು ಗೋಡೆಗೆ ಒರಗಿಸಿ ಬಂದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇಷ್ಟಕ್ಕೇ ಹೀಗಾದರೆ ಅವತ್ತು ಆ ಇಬ್ಬರಿಗೆ ಏನಾಗಿರಬೇಕು ಅಂತ ಯೋಚಿಸುತ್ತ ಕರವಸ್ತ್ರ ಬಿಚ್ಚಿದಳು.

ಇಬ್ಬರೂ ಪರದೆಯ ಮುಂದೆ ಕಾದರು.

ಎರಡನೇ ಚೌಕ ಹಸಿರಾಗಿತ್ತು. ಹಸಿರಾಗಿಯೇ ಇತ್ತು. ಸೈರನ್ ಕೂಗಲಿಲ್ಲ. ಮೇಜಿನ ಮೇಲಿನ ಫೋನು ಸುಮ್ಮನೆ ಬಿದ್ದಿತ್ತು.

“ಸೆನ್ಸರ್ ಕೆಟ್ಟಿದೆಯಾ?”

ಸ್ವರೂಪ ತಲೆ ಅಲ್ಲಾಡಿಸಿದ. “ಅದರ ಮೈಮೇಲಿನ ಕೆಂಪು ದೀಪ ಹತ್ತಿತ್ತಾ?”

“ಹತ್ತಿ ಉರೀತಿದೆ.”

“ಹಂಗಾದ್ರೆ ಸೆನ್ಸರ್ ಹೇಳ್ತಾ ಇದೆ.” ಅವನ ದನಿ ಇಳಿದುಹೋಯಿತು. “ಹೇಳ್ತಾ ಇದೆ ಮೇಡಂ. ಈ ಪರದೆಗೆ ಕೇಳಿಸ್ತಿಲ್ಲ. ಕೆಟ್ಟ ಸುದ್ದಿ ಬರೋ ತನಕ ಇದು ಹಸಿರೇ ತೋರಿಸೋದು.”

“ಮತ್ತೆ ಯಾರಿಗೆ ಹೇಳ್ತಾ ಇದೆ?”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅರುಂಧತಿ ಅವಸರ ಮಾಡಲಿಲ್ಲ. ಹೊರಗೆ ಕಂಪ್ರೆಸರ್ ಗುಂಯ್ ಅನ್ನುತ್ತಿತ್ತು.

“ಹಳೇದಕ್ಕೆ,” ಅಂದ ಕೊನೆಗೆ. “ಹಳೇ ಸರ್ವರ್ ನಿಂತೇ ಇಲ್ಲ. ಹೊಸದು ಎದ್ದಿದೆ, ಹಳೇದೂ ಇದೆ. ಎರಡೂ ಇದರ ಹೊಟ್ಟೇಲೇ ಇವೆ. ಪರದೆ, ಸೈರನ್ ಹೊಸದರ ಕೈಗೆ ಹೋಗಿವೆ, ಸೆನ್ಸರ್‌ಗಳು ಮಾತ್ರ ಹಳೇದಕ್ಕೇ ಅಂಟ್ಕೊಂಡಿವೆ.”

“ನಮ್ಮ ಡೈರಿಯಲ್ಲಿ ಹಾಲು ಅಳೆಯೋನು ಬದಲಾದ ಅಂತಿಟ್ಕೊಳ್ಳಿ,” ಅರುಂಧತಿ ನಿಧಾನವಾಗಿ ಅಂದಳು, ತನಗೇ ಹೇಳಿಕೊಳ್ಳುವ ಹಾಗೆ. “ಹಳಬ ಬಾಗಿಲಲ್ಲಿ ಕೂತೇ ಇದಾನೆ. ಹೊಸಬನನ್ನ ಪಕ್ಕದ ಕಿಟಕಿಯಲ್ಲಿ ಕೂರಿಸಿದ್ರು. ಹಾಲು ತರೋರೆಲ್ಲ ಎಂದಿನ ಹಾಗೆ ಹಳಬನ ಕ್ಯಾನಿಗೇ ಹಾಕಿ ಹೋಗ್ತಾರೆ. ಸೆಕ್ರೆಟರಿ ನೋಡೋದು ಹೊಸಬನ ಖಾಲಿ ಕ್ಯಾನು ಮಾತ್ರ. ಹೀಗೇ ತಾನೆ?”

“ಹಿಂಗೇ ಮೇಡಂ.”

“ಎಲ್ಲಿ ತಪ್ಪಿದ್ರಿ?”

“ಕಾಯೋದನ್ನ ಬಿಟ್ಟೆ.” ಅವನು ಅಳುತ್ತಿದ್ದ. “ನಿಲ್ಲು ಅಂತ ಒತ್ತಿದೆ. ಅದು ಕೈಯಲ್ಲಿದ್ದ ಕೆಲಸ ಮುಗಿಸ್ತಾ ಇತ್ತು. ಮುಗಿಯೋ ತನಕ ಕಾಯ್ಬೇಕಿತ್ತು. ಮಂಗಳಾರತಿ ಆಗಿತ್ತು, ಎಲ್ಲರೂ ಮನೆಗೆ ಹೊರಟಿದ್ರು. ‘ಬೇಗ ಮುಗ್ಸಿ ಹೊರಡ್ಲಾ, ಒಬ್ಬಟ್ಟು ಆರೋಯ್ತದೆ, ನಾನಿರ್ತೀನಿ ಇಲ್ಲಿ’ ಅಂತ ಸಿದ್ದನೇ ಬೆನ್ನು ತಟ್ಟಿದ. ಹೊಸದನ್ನ ಎಬ್ಬಿಸಿಬಿಟ್ಟೆ. ಹಳೇ ಬಾಗಿಲು ಖಾಲಿ ಇರ್ಲಿಲ್ಲ, ಅದು ಪಕ್ಕದ ಬಾಗಿಲಲ್ಲಿ ಎದ್ದಿದೆ. ಪರದೆ ಹಸಿರಾಯ್ತು. ಸರಿ ಅಂತ ಬೈಕ್ ಹತ್ತಿ ಊರಿಗೆ ಊಟಕ್ಕೆ ಹೋದೆ.”

ಅರುಂಧತಿ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಮರುಕ. ತಾನು ಮೆಚ್ಚಿದ ಹಬ್ಬದ ಊಟಕ್ಕೆ ಗೆಳೆಯನನ್ನು ಕಳಿಸಿ, ತಾನು ಉಪವಾಸ ಕೂತು ಸತ್ತ ಒಬ್ಬ. ಆ ಊಟ ಮಾಡಿ ಬಂದು ಹೆಣ ಹೊತ್ತ ಇನ್ನೊಬ್ಬ. ಇದರಲ್ಲಿ ಯಾರನ್ನು ಬೈಯುವುದು?

ಒಂದು ಮಾತು ಮಾತ್ರ ಗಟ್ಟಿಯಾಗಿತ್ತು. ಸಿದ್ದರಾಜು ಸೈರನ್ ಆರಿಸಿರಲಿಲ್ಲ. ಮಲಗಿರಲಿಲ್ಲ. ಪರದೆಯನ್ನು ನಂಬಿ ಹೋಗಿದ್ದ. ನಾಳೆ ಬೆಳಗ್ಗೆ ಇಂದ್ರಮ್ಮನ ಹಟ್ಟಿಯ ಮುಂದೆ ನಿಂತು, ಮಾದಯ್ಯನನ್ನೂ ಕರೆಸಿ, ಕೇಳುವವರೆಲ್ಲರ ಎದುರಿಗೆ ಇದನ್ನು ಹೇಳಬಹುದಿತ್ತು. ತಜ್ಞರನ್ನು ಕರೆಸಿ ಈ ಕಂಪ್ಯೂಟರನ್ನು ಹೀಗೇ ಒಪ್ಪಿಸಿದರೆ ಸಾಕು, ಕೋರ್ಟಿಗೂ ಅದೇ ಸಾಕ್ಷಿ.

ಆಗ ಅವಳಿಗೆ ಹೊಳೆಯಿತು. ತಾನು ಇನ್ನೊಂದು ಗಳಿಗೆ ತಡ ಮಾಡಿದ್ದರೆ?

“ನಾನು ಬಂದಾಗ ಮಾಡ್ತಿದ್ರಲ್ಲ, ಆ ರೀಸ್ಟಾರ್ಟ್. ಅದಾಗಿದ್ರೆ?”

“ಹಳೇದೂ ಹೊಸದೂ ಎರಡೂ ಹೋಗ್ತಿದ್ವು. ಸರಿಯಾಗಿರೋದು ಒಂದೇ ಉಳೀತಿತ್ತು.”

“ಆಗ ಈ ಹತ್ತಿ ಹಿಡಿದಿದ್ರೆ ಸೈರನ್ ಕೂಗ್ತಿತ್ತು. ಎಲ್ಲಾ ನೆಟ್ಟಗಿದೆ, ಸಿದ್ದರಾಜುನೇ ಆರಿಸಿದ್ದ ಅಂತ ಬರೆದು ಮುಚ್ಚಿಬಿಡ್ತಿದ್ದೆ.”

ಸ್ವರೂಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

“ಹಳೇದು ಇನ್ನೂ ಓಡ್ತಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಈಗ. ನಿಮ್ಮೆದುರಿಗೇ. ಸಿದ್ದನ ಆಣೆ ಮೇಡಂ, ಈಗ್ಲೇ ಗೊತ್ತಾಗಿದ್ದು. ಯಜಮಾನ್ರು ಹೇಳಿದ್ರು, ಬಂದೆ, ಅಷ್ಟೇ.”

ಅವಳು ಅವನನ್ನೇ ನೋಡಿದಳು. ಸತ್ತವನ ಆಣೆ. ಅದನ್ನು ಹಗುರಾಗಿ ಇಡುವವರು ಕಡಿಮೆ.

“ಆ ಹಳೇದು ಸುಮ್ಮನೆ ಕೇಳಿಸ್ಕೊಂಡು ಕೂತಿರುತ್ತಾ? ಯಾರಿಗಾದ್ರೂ ಮೆಸೇಜ್ ಕಳಿಸುತ್ತಾ?”

“ಇಲ್ಲ ಮೇಡಂ. ಅದು ಇದ್ದೂ ಇಲ್ದಂಗೆ.”

“ಹಳೇ ನಂಬರ್ ಅದರ ಹತ್ರ ಇನ್ನೂ ಇರಬೇಕಲ್ವಾ? ನಂಬರ್ ಓದೋದು ಮೇಲೇಳುವಾಗ ಮಾತ್ರ ಅಂದ್ರಿ. ಅದು ಎದ್ದಿದ್ದು ಹೋದ ವರ್ಷ...”

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಹೆಡ್ ಕಾನ್‌ಸ್ಟೇಬಲ್ ಚಿಕ್ಕಮಾದು. ಇಂದ್ರಮ್ಮನ ಹೇಳಿಕೆ ಬರೆದುಕೊಂಡು ಬಾ ಅಂತ ಅವನನ್ನು ಬೆಳಗ್ಗೆಯೇ ಕೊಪ್ಪಕ್ಕೆ ಕಳಿಸಿದ್ದಳು. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು.

“ಮೇಡಂ, ಇದೇನೋ ಇಚಿತ್ರವಾಗದೆ. ಈ ಅವ್ವನ ಬಟನ್ ಫೋನು ಒಂದೇ ಸಮ ಬಡ್ಕತಾ ಅದೆ. ತೆಗ್ದು ನೋಡಿದ್ರೆ ಇಂಗ್ಲೀಸ್ನಾಗೆ ಎರಡನೇ ಕೋಣೆ, ಅಮೋನಿಯಾ, ಎಲ್ಲರೂ ಹೊರಗೆ ಬನ್ನಿ ಅಂತ ಬತ್ತಾ ಅದೆ. ಅಲ್ಲೇನಾರಾ ಮತ್ತೆ ಸೋರ್ತಾ ಅದಾ?”

ಕೋಲಿನ ತುದಿಯ ಹತ್ತಿ ಇನ್ನೂ ಸೆನ್ಸರಿನ ಬಾಯಲ್ಲೇ ಇತ್ತು.

“ಯಾರ ನಂಬರ್ ಅದು ಚಿಕ್ಕಮಾದು?”

“ಸಿದ್ದರಾಜುದೇ ಅಳೇ ಸಿಮ್ಮಂತೆ ಮೇಡಂ. ಹೊಸದು ತಗಂಡಾಗ ಅವ್ವಂಗೆ ಕೊಟ್ಬುಟ್ಟವ್ನೆ.”

ಅವತ್ತು ಎಚ್ಚರಿಕೆ ಹೋಗಿತ್ತು. ಸರಿಯಾದ ಹೊತ್ತಿಗೇ ಹೋಗಿತ್ತು. ಮಗ ಸಾಯುತ್ತಾನೆ ಅಂತ ಅಕ್ಷರ ಬಾರದ ತಾಯಿಯ ಸೊಂಟದಲ್ಲಿ ಕೂಗಿಕೊಂಡಿತ್ತು. ಮಗನ ಹೆಸರು ಉಳಿಸಬೇಕೆಂದರೆ ಈ ಮಾತನ್ನು ಆ ತಾಯಿಗೆ ಹೇಳಬೇಕು. ಹೇಗೆ ಹೇಳುವುದು? ಹೇಳಿದ ಮೇಲೆ ಅವಳು ಹೇಗೆ ಬದುಕುವುದು?

ಆ ಕಡೆ ಫೋನು ಕೈ ಬದಲಾಯಿಸಿತು. “ಯಾರು, ಪೋಲೀಸವ್ವನಾ? ಇದ್ ಏನವ್ವ ಇದು ಮೆಸೇಜು? ಆವತ್ತೂವೆ ಇಂಗೇ ಬಡ್ಕತಿತ್ತು ಕಣವ್ವ.”

“ಯಾವತ್ತು ಅವ್ವ?” ಕೇಳಬಾರದು ಅಂದುಕೊಂಡೇ ಕೇಳಿದಳು.

“ಅಬ್ಬದ್ ದಿನ. ಒಬ್ಬಟ್ಟು ಬಡಿಸ್ತಾ ಇದ್ದೆ. ಬುಡದೆ ಕೂಗ್ತು. ನಂಗೆ ಓದಕ್ ಬಂದದಾ? ಎಲೆ ಮುಂದೆ ಕುಂತಿದ್ದೋನ್ ಕೈಗೆ ಕೊಟ್ಟೆ, ಏನು ನೋಡ್ಲಾ ಅಂತ. ನೋಡ್ದ. ತನ್ ಫೋನ್ ತೆಗ್ದು ಅದ್ನೂ ನೋಡ್ದ. ‘ಏನೂ ಇಲ್ಲ ಅವ್ವ, ಅಳೇದು ಇನ್ನೂ ನಿಂತಿಲ್ಲ, ಸುಮ್ಕೆ ಕೂಗ್ತಾ ಅದೆ, ಇಲ್ಲೆಲ್ಲಾ ಅಸ್ರಾಗೇ ಅದೆ’ ಅಂತಂದು ಆಪ್ ಮಾಡಿ ಮಡಗ್ದ.”

ಹಳೇದು ಇನ್ನೂ ನಿಂತಿಲ್ಲ.

ಅರುಂಧತಿ ತಲೆ ಎತ್ತಿದಳು. ಸ್ವರೂಪ ಗೋಡೆಯ ಮುಖವಾಡವನ್ನು ನೋಡುತ್ತಿದ್ದ.

“ಯಾರಿಗೆ ಕೊಟ್ಟಿದ್ರಿ ಅವ್ವ?”

“ಇನ್ಯಾರು, ನಮ್ ಸ್ವರೂಪನೇ. ಪ್ಯಾಕ್ಟ್ರಿಗ್ ಓಯ್ತೀನಿ ಅಂತ ಬೆಳಗ್ಗೆ ಬಂದವ್ನೆ, ಅಲ್ಲವ್ನಾ? ವಸಿ ಕೊಡವ್ವ ಅವ್ನಿಗೆ. ‘ನಾಳೀಕೆ ತಿಥಿಗೆ ಸಿದ್ದನ್ ಜಾಗ್ದಾಗ್ ನಾನೇ ನಿಂತ್ಕತೀನಿ, ನಿಂಗೆ ಮಗ ಇಲ್ಲ ಅನ್ಬ್ಯಾಡ’ ಅಂದವ್ನೆ. ಆವತ್ತಿಂದ ನೆಟ್ಗೆ ಅನ್ನ ಮುಟ್ಟಿಲ್ಲ ಕಣವ್ವ ಅದು.”

ಅರುಂಧತಿ ಮೇಜಿನ ಮೇಲಿದ್ದ ಫೋನನ್ನು ಅವನ ಕಡೆ ತಳ್ಳಿದಳು.

“ತಗೋ,” ಅಂದಳು. “ಮಾತಾಡು.”

“ಲೋ ಸ್ವರೂಪ,” ಫೋನಿನೊಳಗಿಂದ ಇಂದ್ರಮ್ಮನ ದನಿ ಕರೆಯಿತು. “ಉಂಡೇನ್ಲಾ ಮಗ?”

ಸ್ವರೂಪನ ಕೈ ಮೇಲೆದ್ದಿತು. ಅದು ಫೋನಿನ ಕಡೆ ಬರಲಿಲ್ಲ. ಕೀಬೋರ್ಡಿನ ಕಡೆ ಹೋಯಿತು.